ದಿನಾ ಬರಲಾಗದವರ ಸಾಲಿ

ಬಹಳ ವರ್ಷ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತಳಾದಾಗ, ಇನ್ನು ಮೇಲೆ ಮಕ್ಕಳ ಮಾತಿಗೆ ನಗುವುದೂ ಇಲ್ಲ, ಮನೆಗೆ ಹೋಗಿ ಅದನ್ನೇ ನೆನೆದು ಸಂಕಟಪಡುವುದೂ ಇಲ್ಲ ಅಂದುಕೊಂಡಿದ್ದೆ. ಎರಡೂ ತಪ್ಪಲಿಲ್ಲ.

ಈಗ ಬೈಲಹೊಂಗಲದ ಬಜಾರದಲ್ಲಿ, ಪಂಪ್‌ಸೆಟ್ ಅಂಗಡಿಯ ಮಾಳಿಗೆ ಮೇಲಿನ ಒಂದು ಕೋಣೆಯಲ್ಲಿ ಕಲಿಸುತ್ತೇನೆ. ವಾರಕ್ಕೊಮ್ಮೆ ಸವದತ್ತಿಗೂ ರಾಮದುರ್ಗಕ್ಕೂ ಹೋಗಿಬರುತ್ತೇನೆ. ದಿನಾ ಶಾಲೆಗೆ ಹೋಗಲಾಗದ ಮಕ್ಕಳು ಮನೆಯಲ್ಲೇ ಓದಿ, ತಿಳಿಯದ್ದನ್ನು ನಮ್ಮಲ್ಲಿ ಬಂದು ಕೇಳಿಕೊಂಡು, ತಯಾರಾದ ವಿಷಯಗಳಿಗಷ್ಟೇ ಪರೀಕ್ಷೆ ಕಟ್ಟುತ್ತ ಹತ್ತನೆಯ ತರಗತಿ ಮುಗಿಸಬಹುದು. ಮುಕ್ತ ಶಾಲೆ ಅಂತ ಇದಕ್ಕೆ ಹೆಸರು. ಹೆಸರು ಕೇಳಿದ ಯಜಮಾನರೊಬ್ಬರು ಬಾಗಿಲಲ್ಲೇ ನಿಂತು, "ಮುಕ್ತ ಸಾಲಿ ಅಂದ್ರ ಸಾಲಿಯಿಂದ ಮುಕ್ತಿ ಸಿಗೂದೇನ್ರಿ ಅಕ್ಕೋರ? ಹಂಗಿದ್ರ ನಮ್ಮ ಹುಡುಗ ಹ್ವಾದ ವರ್ಷನ ಮುಕ್ತ ಆಗ್ಯಾನ" ಅಂದಿದ್ದರು.

ಇಲ್ಲಿಗೆ ಯಾರೂ ಹರುಷದಿಂದ ಬರುವುದಿಲ್ಲ. ಬೇರೆ ದಾರಿ ಕಾಣದೆ ಬರುತ್ತಾರೆ. ಯಾಕೆ ಬಂದಿರಿ ಅಂತ ಕೇಳುವುದು ನನ್ನ ಕೆಲಸ. ಕೇಳಿದ್ದಕ್ಕೆ ಸಿಕ್ಕ ಉತ್ತರಗಳಲ್ಲಿ ಕೆಲವು ಹೀಗಿವೆ.

ಹೊರಗೆ ನಿಂತು ಕಲಿತ ಗಣಿತ

ದೊಡವಾಡದ ಕಡೆಯ ಒಬ್ಬ ಹುಡುಗಿ. ಉಳಿದೆಲ್ಲ ವಿಷಯ ಪಾಸು, ಗಣಿತ ಒಂದು ನಪಾಸು. ಕರೆದುಕೊಂಡು ಬಂದ ಅಪ್ಪ, "ಬಸ್ಸಿನ ಸಲುವಾಗಿ ಹಿಂಗಾತ್ರಿ" ಅಂದರು.

"ಬಸ್ಸು ಗಣಿತ ಹೆಂಗ ಫೇಲ್ ಮಾಡಸ್ತೈತ್ರಿ?" ಅಂದೆ.

ಮುಂಜಾನೆಯ ಬಸ್ಸು ಹಿಂದಿನ ಊರುಗಳಲ್ಲೇ ತುಂಬಿ ಬರುತ್ತಿತ್ತಂತೆ. ಇವಳು ಕೈ ಮಾಡಿದರೆ ಡ್ರೈವರನೂ ಕೈ ಮಾಡಿ ಮುಂದೆ ಹೋಗುತ್ತಿದ್ದ. ಮುಂದಿನ ಬಸ್ಸು ಹಿಡಿದು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾಗಿ ಬಂದವರು ಮೊದಲ ಪಿರಿಯಡ್ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಬೇಕು ಅನ್ನುವುದು ಆ ಶಾಲೆಯ ಶಿಸ್ತು. ಮೊದಲ ಪಿರಿಯಡ್ ಗಣಿತ. ಹೀಗೆ ಬಸ್ಸು ಮಾಡಿದ ತಪ್ಪಿಗೆ ಹುಡುಗಿ ವರ್ಷವಿಡೀ ಹೊರಗೆ ನಿಂತಳು.

ಎದುರಿಗೆ ಕೂಡಿಸಿಕೊಂಡು, "ಲಂಬಕೋನ ತ್ರಿಭುಜದ ಪ್ರಮೇಯ ಬರತೈತೇನವಾ?" ಅಂತ ಕೇಳಿದೆ. ವಿಕರ್ಣದ ಮೇಲಿನ ವರ್ಗ, ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಸಾಧನೆಯನ್ನೂ ಹೇಳಿದಳು. ಎಲ್ಲಿಯೂ ತಡೆಯಲಿಲ್ಲ. ನನಗೆ ಆಶ್ಚರ್ಯವಾಯಿತು. ಕೈಗೆ ಸೀಮೆಸುಣ್ಣ ಕೊಟ್ಟು, "ಹಂಗಾದ್ರ ಇದರ ಆಕೃತಿ ಬೋರ್ಡಿನ ಮ್ಯಾಲೆ ತಗಿ" ಅಂದೆ.

ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಉದ್ದಕ್ಕೆ ಒಂದು ಆಯತ ತೆಗೆದು, ನಡುವೆ ಒಂದು ಚಿಲಕ ಹಾಕಿದಳು.

"ಇದೇನವಾ?"

"ಬಾಗಿಲ್ರಿ."

"ನಾ ಪ್ರಮೇಯದ ಆಕೃತಿ ತಗಿ ಅಂದೆ."

"ಒಳಗ ಹೇಳೂದೆಲ್ಲಾ ಕೇಳಸ್ತಿತ್ರಿ ಅಕ್ಕೋರ," ಅಂದಳು. "ಕಾಣಸ್ತಿದ್ದದ್ದು ಮಾತ್ರ ಇದಷ್ಟ."

ಬಂದವನು ಬರಲಿಲ್ಲ

ಕಿತ್ತೂರಿನ ಹುಡುಗನಿಗೆ ಮಾತಾಡುವಾಗ ಉಗ್ಗು. ಮೊದಲ ಅಕ್ಷರ ಹೊರಡುವುದೇ ಕಷ್ಟ, ಹೊರಟ ಮೇಲೆ ಪರವಾಗಿಲ್ಲ. ಅವನ ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಸರ್‌ಗೆ ವಿಪರೀತ ಅವಸರ, ತಲೆ ಎತ್ತಿ ನೋಡುವ ರೂಢಿಯೂ ಇರಲಿಲ್ಲ. ಹೆಸರು ಕೂಗಿದಾಗ ಇವನು ಎದ್ದು ನಿಂತು ಬಾಯಿ ತೆರೆಯುತ್ತಿದ್ದ. ಮಾತು ಹೊರಡುವಷ್ಟರಲ್ಲಿ ಅವರು ಮುಂದಿನವರನ್ನೆಲ್ಲ ಮುಗಿಸಿ ಪಾಠ ಶುರುಮಾಡಿರುತ್ತಿದ್ದರು. ಹುಡುಗರು ನಗುತ್ತಿದ್ದರು. ಕೆಲವು ದಿನಗಳಾದ ಮೇಲೆ ಅವನು ಏಳುವುದನ್ನೇ ಬಿಟ್ಟ.

ಅವನ ಅಪ್ಪ ನನ್ನ ಮುಂದೆ ಹೇಳಿದರು: "ಒಂದಿನಾ ನಾನ ಗಾಡಿ ಮ್ಯಾಲೆ ಕರಕೊಂಡ ಹೋಗಿ ಬಿಟ್ಟೇನ್ರಿ. ಗೇಟಿನ ಹತ್ರ ನಿಂತಿದ್ದೆ, ಖಿಡಕಿಯೊಳಗ ಹುಡುಗನ ಬೆನ್ನು ಕಾಣಾಕತ್ತಿತ್ತು. ಅಷ್ಟರಾಗ ಮೊಬೈಲಿಗೆ ಮೆಸೇಜ್ ಬಂತು, ನಿಮ್ಮ ಮಗ ಇವತ್ತು ಸಾಲಿಗೆ ಬಂದಿಲ್ಲ ಅಂತ. ಬೆನ್ನು ನಂಬಬೇಕೋ ಮೆಸೇಜ್ ನಂಬಬೇಕೋ ತಿಳೀವಲ್ದಾತು."

"ಒಳಗ ಹೋಗಿ ಕೇಳಬೇಕಿತ್ತಲ್ಲರಿ?"

"ಕೇಳಿದೇನ್ರಿ. ಕಂಪ್ಯೂಟರ್‌ದಾಗ ಬಂದದ್ದು ಖರೇ ಅಂದ್ರು."

ವರ್ಷದ ಕೊನೆಗೆ ಹಾಜರಿ ಸಾಲದು, ಪರೀಕ್ಷೆಗೆ ಕೂಡಿಸುವುದಿಲ್ಲ ಅಂದರು. ಹುಡುಗ ಮನೆಯಲ್ಲೂ ಮಾತು ನಿಲ್ಲಿಸಿದ. ಊಟ ಬೇಕೆಂದರೆ ಗಂಗಾಳ ಮುಂದೆ ಸರಿಸುತ್ತಿದ್ದನಂತೆ, ಅಷ್ಟೇ.

ನಮ್ಮಲ್ಲಿ ಹಾಜರಿ ಕೂಗಲೇಬೇಕು ಅಂತೇನಿಲ್ಲ. ಆದರೂ ಅವನು ಬಂದ ಮೊದಲ ದಿನ, ಹಳೆಯ ರೂಢಿ, ಹೆಸರು ಕೂಗಿದೆ. ಎದ್ದು ನಿಂತ. ತುಟಿ ನಡುಗಿತು, ಕುತ್ತಿಗೆಯ ನರಗಳು ಉಬ್ಬಿದವು. ಕೂಡು ಅನ್ನೋಣವೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೆಳಗೆ ಅಂಗಡಿಯವರು ಒಂದು ಟೆಂಪೋದಿಂದ ಪೈಪು ಇಳಿಸಿ ಮುಗಿಸಿದರು. ಕೊನೆಗೆ ಸಿಡಿಲಿನಂತೆ ಬಂತು: "ಬಂದೇನ್ರಿ!"

ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ನನಗೆ ಗೊತ್ತಾಗಿಲ್ಲವೆಂದು ತಿಳಿದು ಹೇಳಿದಳು: "ಅಂವ ಬಂದು ಭಾಳೊತ್ತಾತ್ರಿ ಅಕ್ಕೋರ."

ಎಲ್ಲರಿಗಿಂತ ಮೊದಲು ನಕ್ಕವನು ಅವನೇ.

ಪಕ್ಕದ ಹಾಸಿಗೆ

ಉಗರಗೋಳದಲ್ಲಿ ತೆಂಗಿನಕಾಯಿ, ಕರ್ಪೂರದ ಅಂಗಡಿ ಇಟ್ಟವರ ಮಗ ನನ್ನ ಸವದತ್ತಿಯ ಕ್ಲಾಸಿಗೆ ಬರುತ್ತಾನೆ. ಎರಡೂ ಕಿಡ್ನಿ ಕೆಟ್ಟಿವೆ. ದಿನ ಬಿಟ್ಟು ದಿನ ಆಸ್ಪತ್ರೆಯಲ್ಲಿ ಮಲಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. "ದಿನಾ ಬರೂದಿದ್ರ ಬಾ, ಇಲ್ಲಾಂದ್ರ ಟಿಸಿ ತಗೊಂಡು ಹೋಗು" ಅಂತ ಅವನ ಶಾಲೆಯವರು ಹೇಳಿಬಿಟ್ಟರು. ತಗೊಂಡು ಬಂದ.

ಆಸ್ಪತ್ರೆಯಲ್ಲಿ ಅವನ ಪಕ್ಕದ ಹಾಸಿಗೆಗೆ ಒಬ್ಬ ಅಜ್ಜ ಬರುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇಬ್ಬರ ರಕ್ತವೂ ಯಂತ್ರದೊಳಗೆ ಹೋಗಿ ಬರುವಷ್ಟು ಹೊತ್ತು ಹುಡುಗ ಇತಿಹಾಸದ ಪಾಠ ಗಟ್ಟಿಯಾಗಿ ಓದುತ್ತಿದ್ದ. ಅಜ್ಜ ಕಥೆ ಕೇಳಿದಂತೆ ಕೇಳುತ್ತ, "ಮುಂದೇನಾತು?" ಅನ್ನುತ್ತಿದ್ದರು. ಒಂದೊಂದು ಪಾಠ ಮುಗಿದಾಗಲೂ ಅವರಿಗೆ ಬೇಸರ.

"ಏ ತಮ್ಮಾ, ನಿನ್ನ ಪುಸ್ತಕದಾಗ ಎಲ್ಲಾರೂ ಕಡೀಕ ಸಾಯ್ತಾರಲ್ಲೋ. ಒಬ್ಬರರ ಉಳದಾವ್ರು ಇಲ್ಲೇನು?"

"ಇದು ಇತಿಹಾಸ ಐತಿ ಅಜ್ಜಾ," ಅಂದನಂತೆ ಹುಡುಗ. "ಉಳದಾವ್ರು ಪೌರನೀತಿಯೊಳಗ ಬರತಾರ. ಅದು ಇನ್ನೂ ನಾ ಓದಿಲ್ಲ."

ಅಜ್ಜನ ಮಾತುಗಳನ್ನು ಅವನು ಕ್ಲಾಸಿನಲ್ಲಿ ನನಗೆ ಹೇಳಿ ನಗಿಸುತ್ತಿದ್ದ. ಎರಡು ವಾರ ಏನೂ ಹೇಳಲಿಲ್ಲ. "ನಿಮ್ಮ ಅಜ್ಜಾರು ಹೆಂಗದಾರೋ?" ಅಂತ ನಾನೇ ಕೇಳಿದೆ.

ಪುಸ್ತಕದಿಂದ ಕಣ್ಣು ತೆಗೆಯದೆ ಹೇಳಿದ: "ಅಜ್ಜಗ ಟಿಸಿ ಕೊಟ್ರು ಅಕ್ಕೋರ."

ನಾನು ನಕ್ಕುಬಿಟ್ಟೆ. ಅರ್ಥವಾದದ್ದು ಆಮೇಲೆ.

ಈಗ ಆ ಹಾಸಿಗೆಗೆ ಬೇರೆ ಯಾರೋ ಬರುತ್ತಾರೆ. ಹುಡುಗ ಅವರಿಗೆ ಪೌರನೀತಿ ಓದಿ ಹೇಳುತ್ತಿದ್ದಾನೆ.

ಕಾವಲು

ಕಟಕೋಳದ ಒಂದು ಒಕ್ಕಲುತನದ ಮನೆ. ಶಾಲೆಗೆ ಹೋಗುವ ದಾರಿಯಲ್ಲಿ ಒಬ್ಬ ಹುಡುಗ ಆ ಮನೆಯ ಮಗಳ ಬೆನ್ನು ಹತ್ತಿ ಬರುತ್ತಿದ್ದ. ಸುದ್ದಿ ಮನೆಗೆ ಮುಟ್ಟಿದ ದಿನವೇ ಅಜ್ಜ ಮೊಮ್ಮಗಳ ಶಾಲೆ ಬಿಡಿಸಿದರು.

"ಆ ಹುಡುಗನ್ನ ಏನ ಮಾಡಿದ್ರಿ?" ಅಂತ ಹುಡುಗಿಯ ತಾಯಿಯನ್ನು ಕೇಳಿದೆ.

"ಅಂವ ದಿನಾ ಸಾಲಿಗೆ ಹೊಕ್ಕಾನ್ರಿ," ಅಂದಳು. "ಭಾಳ ಶಾಣ್ಯಾ ಅದಾನಂತ."

ಹುಡುಗಿ ಅತ್ತು ಊಟ ಬಿಟ್ಟಿದ್ದಕ್ಕೆ ಅಜ್ಜ ಮುಕ್ತ ಶಾಲೆಗೆ ಒಪ್ಪಿದರು. ವಾರಕ್ಕೊಂದೇ ದಿನ ರಾಮದುರ್ಗಕ್ಕೆ ಹೋಗುವುದು, ಜೊತೆಗೆ ತಾಯಿ ಹೋಗಿ ಹಿಂದೆ ಕುಳಿತು ಕಾಯುವುದು. ತಾಯಿ ಎಂಟನೆಯ ತರಗತಿಯಲ್ಲಿರುವಾಗಲೇ ಮದುವೆಯಾಗಿ ಬಂದವಳು. ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತಿರುತ್ತಿದ್ದಳು. ನಾನು ಮಗಳಿಗೆ ಪ್ರಶ್ನೆ ಕೇಳಿದರೆ ಉತ್ತರ ಹಿಂದಿನಿಂದ ಪಿಸುಮಾತಿನಲ್ಲಿ ಬರುತ್ತಿತ್ತು. ಒಂದು ದಿನ ಹತ್ತಿರ ಕರೆದು, "ನೀನೂ ಪರೀಕ್ಷಾ ಕಟ್ಟವಾ" ಅಂದೆ. ಗಂಡನಿಗೆ ಹೇಳಿದಳು. ಅವನು ಹೂಂ ಅಂದ. ಮಾವನಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಪರೀಕ್ಷೆಯ ದಿನ ಅಜ್ಜ ತಾವೇ ರೊಟ್ಟಿ ಬುತ್ತಿ ತೆಗೆದುಕೊಂಡು ಬಂದರು. ಸೊಸೆ ಗಿಡದ ನೆರಳಲ್ಲಿ ಕಾಯುತ್ತಿರಬೇಕೆಂದು ಹುಡುಕಿದರು. ಇಲ್ಲ. ಖಿಡಕಿಯಲ್ಲಿ ಇಣುಕಿದರೆ ಸೊಸೆ ಒಳಗೆ ತಲೆ ಬಗ್ಗಿಸಿ ಬರೆಯುತ್ತಿದ್ದಾಳೆ! ಅಜ್ಜ ಪ್ರಾಮಾಣಿಕ ಮನುಷ್ಯ. ಬಾಗಿಲಿಗೆ ಬಂದು ಕೂಗಿಯೇಬಿಟ್ಟರು: "ಸಾಹೇಬ್ರ, ನಮ್ಮ ಸೊಸಿ ಮಗಳ ಪರೀಕ್ಷಾ ಬರ್ಯಾಕತ್ತಾಳ! ನಮ್ಮ ಮನಿತನದಾಗ ಇಂಥಾದ್ದು ಆಗಿಲ್ಲ. ಹಿಡೀರಿ ಆಕೀನ!"

ಮೇಲ್ವಿಚಾರಕರು ನಕಲು ಮಾಡುವವರನ್ನು ಬೇಕಾದಷ್ಟು ಕಂಡಿದ್ದರು. ಮನೆಯವರೇ ಬಂದು ಹಿಡಿದುಕೊಡುವುದನ್ನು ಕಂಡಿರಲಿಲ್ಲ. ಒಳಗೆ ಹೋಗಿ ವಿಚಾರಿಸಿ ಹೊರಬಂದು, "ಅಜ್ಜಾರ, ಆಕಿ ತನ್ನ ಪರೀಕ್ಷಾ ತಾನ ಬರ್ಯಾಕತ್ತಾಳ" ಅಂದರು.

"ತನ್ನದಾ?" ಅಜ್ಜ ನಿಜವಾಗಿಯೂ ಗಾಬರಿಯಾದರು. "ಆಕೀಗೆ ತನ್ನದಂತ ಏನೈತ್ರಿ?"

ಅಜ್ಜ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆ ಮುಗಿಯುವವರೆಗೆ ಕಟ್ಟೆಯ ಮೇಲೆ ಕುಳಿತರು. ಸೊಸೆ ಹೊರಬಂದಾಗ ಬೈಯಲಿಲ್ಲ. "ಉಣ್ಣು" ಅಂದರು. ಆಕೆ ಉಂಡಳು.

ಫಲಿತಾಂಶ ಬಂತು. ತಾಯಿ ಪಾಸು, ಮಗಳು ಇಂಗ್ಲಿಷಿನಲ್ಲಿ ನಪಾಸು. ಮನೆಯಲ್ಲಿ ಯಾರೂ ಸಕ್ಕರೆ ಹಂಚಲಿಲ್ಲ. ಪಾಸಾದದ್ದೇ ಅಪರಾಧ ಅನ್ನುವ ಹಾಗೆ ತಾಯಿ ನನ್ನ ಮುಂದೆ ಅತ್ತಳು. "ನಂದು ತಗೊಂಡು ಏನ ಮಾಡ್ಲೆರಿ ಅಕ್ಕೋರ? ಆಕಿ ಆಗಬೇಕಿತ್ತು."

ಮುಂದಿನ ವಾರ ಮೊಮ್ಮಗಳ ಹಿಂದೆ ಅಜ್ಜ ಬಂದರು. ತಲೆಯ ಪಟಗಾ ಬಿಚ್ಚಿ ಪಕ್ಕಕ್ಕಿಟ್ಟು, ಸೊಸೆ ಕೂಡುತ್ತಿದ್ದ ಬೆಂಚಿನಲ್ಲೇ ಕುಳಿತರು.

"ಇನ್ನ ಮ್ಯಾಲೆ ಕಾಯಾಕ ನಾನ ಬರತೇನ್ರಿ," ಅಂದರು. ನಾನು ಪಾಠ ಶುರುಮಾಡಲು ಪುಸ್ತಕ ತೆಗೆದೆ. ಅಜ್ಜ ಅವಸರವಾಗಿ ಎದ್ದು ನಿಂತು, ಎರಡೂ ಕೈ ಮುಗಿದರು.

"ಅಕ್ಕೋರ, ಒಂದು ಮಾತು ನಡೆಸಿಕೊಡ್ರಿ. ನನ್ನ ಪರೀಕ್ಷಾಕ್ಕ ಕುಂಡ್ರಸಬ್ಯಾಡ್ರಿ. ನಾ ಫೇಲಾದ್ರ ಸೊಸಿ ನಗತಾಳ."