ಪಟ್ಟಿರಾಯನ ಏಳನೇ ನಂಬರು

ಪಟ್ಟಿ ಬರೆಯುವುದು ಕೆಟ್ಟ ಚಟವೇನಲ್ಲ. ಆದರೆ ಬರೆದ ಪಟ್ಟಿಯನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಬಾರದು. ಪಟ್ಟಿರಾಯನ ಆ ಶುಕ್ರವಾರ ಹಾಳಾದದ್ದು ಹಾಗೆ ಅಂಟಿಸಿದ್ದರಿಂದಲೇ.

ಅವನ ನಿಜವಾದ ಹೆಸರು ಪಾಸ್‌ಪೋರ್ಟಿನಲ್ಲಿ ಭದ್ರವಾಗಿತ್ತು. ಪಟ್ಟಿರಾಯ ಎಂಬುದು ಭಾವಮೈದುನ ಇಟ್ಟದ್ದು. ಏನು ಕೊಳ್ಳಬೇಕಾದರೂ ಕಾಗದದ ಮೇಲೆ ಗೆರೆ ಎಳೆದು, ಈ ಕಡೆ ಒಂದು, ಆ ಕಡೆ ಇನ್ನೊಂದು ಬರೆದು, ಅಂಕ ಹಾಕಿ ಕೂಡಿಸಿದ ಮೇಲೆಯೇ ಅವನ ಕೈ ಜೇಬಿಗೆ ಹೋಗುತ್ತಿತ್ತು. ಒಂದು ಛತ್ರಿ ಕೊಳ್ಳುವ ಪಟ್ಟಿ ಮುಗಿಯುವ ಹೊತ್ತಿಗೆ ಮಳೆಗಾಲವೇ ಮುಗಿದಿತ್ತು. ಮದುವೆಗೆ ಮುಂಚೆಯೂ ಒಂದು ಪಟ್ಟಿ ಇತ್ತಂತೆ. ಅದರಲ್ಲಿ ತಾನು ಎಷ್ಟನೆಯವಳು ಎಂದು ಹೆಂಡತಿ ಇವತ್ತಿಗೂ ಕೇಳುತ್ತಾಳೆ, ಅವನು ಇವತ್ತಿಗೂ ಮಾತು ಹಾರಿಸುತ್ತಾನೆ.

ಹೆಂಡತಿಗೆ ಈ ದೇಶದ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಸಿಕ್ಕಿ, ಮೂವರೂ ಇಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಊರಲ್ಲಿ ನೀರಿನ ಕೊಳವೆಗಳ ನಕ್ಷೆ ಬರೆಯುತ್ತಿದ್ದ ಪಟ್ಟಿರಾಯ ಇಲ್ಲಿ ಮೂರೂವರೆ ವರ್ಷದ ಪುಟ್ಟಿಗೆ ಮೊಲ ಬರೆದುಕೊಡುತ್ತ ಮನೆಯಲ್ಲಿದ್ದ. ಮಗಳೆಂದರೆ ಅವನಿಗೆ ಪ್ರಾಣ. ಆದರೆ ದಿನಕ್ಕೆ ನಲವತ್ತು ಮೊಲ ಬರೆದರೆ ಎಂಥ ಪ್ರಾಣವೂ ಬಳಲುತ್ತದೆ. ಕೊಳವೆಯ ನಕ್ಷೆ ಅವನಿಗೆ ಬರೀ ಹೊಟ್ಟೆಪಾಡಾಗಿರಲಿಲ್ಲ. ಒಂದು ಬೀದಿಯ ನೀರು ಇನ್ನೊಂದು ಬೀದಿಗೆ ಸರಿಯಾಗಿ ಹೋಗುವಂತೆ ಗೆರೆ ಎಳೆದ ದಿನ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಮೂರು ತಿಂಗಳಿಂದ ಆ ನಿದ್ದೆ ಇರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು.

"ನಿಮ್ಮ ನಕ್ಷೆಗಳು ನಮಗೆ ಹಿಡಿಸಿದಾವೆ. ಸೋಮವಾರ ಎಂಟಕ್ಕೆ ಬಂದು ಸೇರ್ಕೋತೀರಾ?" ಎಂದರು ಅವನು ಅರ್ಜಿ ಹಾಕಿದ್ದ ನಕ್ಷೆ ಕಚೇರಿಯ ಮ್ಯಾನೇಜರು. "ಇವತ್ತು ಸಂಜೆ ನಾಲ್ಕರೊಳಗೆ ಹೇಳ್ಬಿಡಿ. ಇಲ್ಲಾಂದ್ರೆ ಇನ್ನೊಬ್ರು ಕಾಯ್ತಿದಾರೆ."

ಪಟ್ಟಿರಾಯನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮರುಕ್ಷಣ ಪುಟ್ಟಿಯ ನೆನಪಾಗಿ ಆ ಹಾಲು ಒಡೆಯಿತು. ಸೋಮವಾರದಿಂದ ಇವಳನ್ನು ನೋಡಿಕೊಳ್ಳುವವರು ಯಾರು? ನಾಲ್ಕು ಗಂಟೆಯೊಳಗೆ ಒಂದು ಶಿಶುವಿಹಾರದಲ್ಲಿ ಜಾಗ ಗೊತ್ತುಮಾಡಿಕೊಳ್ಳದೆ ಹೂಂ ಅನ್ನುವ ಹಾಗಿರಲಿಲ್ಲ.

ಶಿಶುವಿಹಾರಗಳ ಪಟ್ಟಿ ಫ್ರಿಜ್ಜಿನ ಮೇಲೆ ತಯಾರಾಗಿತ್ತು. ಶುಲ್ಕ, ದೂರ, ಸಮಯ, ಸರದಿ ಎಂದು ನಾಲ್ಕು ಅಂಕಣ, ಕೆಳಗೆ ಹನ್ನೊಂದು ಹೆಸರು. ಹೋಲಿಕೆಗಿರಲಿ ಎಂದು ಎಲ್ಲಕ್ಕೂ ಮೇಲೆ ಊರಿನ ಪಕ್ಕದ ಬೀದಿಯ ಶಿಶುವಿಹಾರವನ್ನೂ ಬರೆದಿದ್ದ. ಅದರ ಸರದಿಯ ಅಂಕಣದಲ್ಲಿ, "ಟೀಚರೇ ಮನೆ ಬಾಗಿಲಿಗೆ ಬಂದು ಕಾಯುತ್ತಾರೆ" ಎಂದಿತ್ತು. ಇಲ್ಲಿಯ ಕತೆ ಬೇರೆ. ಮೂರನೇ ನಂಬರಿನ ಖಾಸಗಿ ಶಿಶುವಿಹಾರದಲ್ಲಿ ಜಾಗ ಇತ್ತು, ಆದರೆ ಶುಲ್ಕ ಅವನಿಗೆ ಸಿಗಲಿದ್ದ ಸಂಬಳಕ್ಕಿಂತ ಹೆಚ್ಚು. ಐದನೇ ನಂಬರಿನ ಸರ್ಕಾರಿ ಶಿಶುವಿಹಾರಕ್ಕೆ ಶುಲ್ಕವೇ ಇಲ್ಲ, ಜಾಗವೂ ಇಲ್ಲ. ಏಳನೇ ನಂಬರು ಪಕ್ಕದ ಬೀದಿಯ ಹಳದಿ ಗೇಟಿನದು. ಸದಾ ಮುಚ್ಚಿರುತ್ತಿದ್ದ ಆ ಗೇಟನ್ನು ಕಂಡು ಬೀದಿಯವರೆಲ್ಲ ಅದು ಎಂದೋ ನಿಂತುಹೋಗಿದೆ ಅಂದುಕೊಂಡಿದ್ದರು. ಪಟ್ಟಿರಾಯ ಬಿಡದೆ ಫೋನು ಮಾಡಿ, "ಕೋಣೆ ಖಾಲಿ ಇದೆ, ಶುಲ್ಕ ಕಡಿಮೆ" ಎಂದು ತಿಳಿದುಕೊಂಡು, ಅದರ ಮುಂದೆ ಕೆಂಪು ಇಂಕಿನಲ್ಲಿ ನಕ್ಷತ್ರ ಹಾಕಿದ್ದ.

ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಆ ನಕ್ಷತ್ರ ಮೊದಲು ಕಂಡದ್ದು ಎದುರುಮನೆಯ ಟೈಲರಮ್ಮನಿಗೆ. ಆಕೆ ಏಣಿ ಕೇಳುವ ನೆಪದಲ್ಲಿ ದಿನಕ್ಕೊಮ್ಮೆ ಬಂದು ಅಡುಗೆಮನೆಯವರೆಗೂ ಕಣ್ಣು ಹಾಯಿಸಿ ಹೋಗುವವರು. ಜೊತೆಗೆ ನಾಲ್ಕು ವರ್ಷದ ಮಗಳು. ಆ ಮಗು ನೋಡಲು ಗೊಂಬೆ, ಹತ್ತಿರ ಹೋದರೆ ಕಚ್ಚುತ್ತಿತ್ತು.

"ಇದೇನ್ರೀ ಇದು, ಎಷ್ಟು ಚೆನ್ನಾಗಿ ಬರ್ದಿದೀರಿ! ಒಂದು ಫೋಟೋ ತೆಗೀಲಾ?"

"ಧಾರಾಳವಾಗಿ," ಎಂದ ಪಟ್ಟಿರಾಯ. ಅವನ ಪಟ್ಟಿಯನ್ನು ಹೊಗಳಿದವರು ಜೀವಮಾನದಲ್ಲಿ ಅವರೊಬ್ಬರೇ.

ಬೇರೆ ಯಾರಾದರೂ ಆಗಿದ್ದರೆ ಚಪ್ಪಲಿ ಮೆಟ್ಟಿ ನೇರವಾಗಿ ಹಳದಿ ಗೇಟಿಗೆ ಓಡುತ್ತಿದ್ದರು. ನಾಲ್ಕು ನಿಮಿಷದ ದಾರಿ. ಆದರೆ ಮೂರನ್ನೂ ಐದನ್ನೂ ಕಣ್ಣಾರೆ ನೋಡದೆ ಏಳೇ ಉತ್ತಮ ಎಂದು ತೀರ್ಮಾನಿಸುವುದು ಹೇಗೆ? ಪಟ್ಟಿರಾಯ ತನ್ನ ಸಮಸ್ತ ಕಾಗದಗಳ ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಪುಟ್ಟಿಯ ಕೈ ಹಿಡಿದು, ಮೂರನೇ ನಂಬರಿನ ಶಿಶುವಿಹಾರಕ್ಕೆ ಹೋಗುವ ಬಸ್ಸು ಹತ್ತಿದ.

ಮೂರನೇ ನಂಬರಿನಲ್ಲಿ ನೆಲ ಎಷ್ಟು ನುಣ್ಣಗಿತ್ತೆಂದರೆ ಅವನು ಬಾಗಿಲಲ್ಲೇ ಜಾರಿದ. ಮೇಜಿನ ಹಿಂದಿದ್ದ ಹುಡುಗಿ ನಗುನಗುತ್ತಲೇ ಶುಲ್ಕ ವಿವರಿಸಿದಳು.

"ಮಧ್ಯಾಹ್ನ ಮಲಗಿಸೋದಕ್ಕೆ ಬೇರೆ ಶುಲ್ಕ ಸಾರ್."

"ಮಲಗದಿದ್ರೆ?"

"ಅದಕ್ಕೂ ಬೇರೆ. ಮಿಕ್ಕ ಮಕ್ಕಳು ಮಲಗಿರುವಾಗ ಎದ್ದಿರೋ ಮಗೂನ ನೋಡ್ಕೊಳ್ಳೋಕೆ ಇನ್ನೊಬ್ರು ಬೇಕಲ್ಲ!"

ಪಟ್ಟಿರಾಯ ಎರಡನ್ನೂ ಶ್ರದ್ಧೆಯಿಂದ ಬರೆದುಕೊಂಡ. ಅಷ್ಟರಲ್ಲಿ ಪುಟ್ಟಿ ಜಾರುಬಂಡೆಯ ತುದಿಯಲ್ಲಿ ಕೂತು ಇಳಿಯುವುದಿಲ್ಲ ಎಂದು ಹಟ ಹಿಡಿದಳು. ಇಳಿಸಲು ಮೇಲೆ ಹತ್ತಿದ ಅಪ್ಪ ಅಲ್ಲಿ ಸಿಕ್ಕಿಕೊಂಡ. ಇಬ್ಬರನ್ನೂ ಕೆಳಗೆ ತರಲು ಅಲ್ಲಿಯ ಮಾಲಿ ಬರಬೇಕಾಯಿತು. ಆ ಹೊತ್ತಿಗೆ ಹನ್ನೊಂದೂವರೆ.

ಐದನೇ ನಂಬರಿನ ಸರ್ಕಾರಿ ಕಚೇರಿಯಲ್ಲಿ ಸಾಲು ಹೊಸ್ತಿಲು ದಾಟಿತ್ತು. ಒಂದೂಮುಕ್ಕಾಲಿಗೆ ಪಟ್ಟಿರಾಯ ಗುಮಾಸ್ತನ ಮುಂದೆ ನಿಂತ.

"ಇನ್ನೆರಡು ವರ್ಷ ಆಗುತ್ತೆ," ಎಂದ ಗುಮಾಸ್ತ, ತಲೆ ಎತ್ತದೆ.

"ಆಗ ಇವಳು ದೊಡ್ಡ ಸ್ಕೂಲಿಗೇ ಹೋಗ್ತಿರ್ತಾಳಲ್ಲ ಸ್ವಾಮಿ!"

"ಹುಟ್ಟೋದಕ್ಕೆ ಮುಂಚೇನೇ ಹೆಸರು ಬರೆಸ್ಬೇಕಿತ್ತು."

"ಆಗ ನಾವು ಈ ದೇಶದಲ್ಲೇ ಇರಲಿಲ್ಲ."

"ಅದು ನಮ್ಮ ತಪ್ಪಲ್ಲ. ಬೇಕಾದ್ರೆ ಇವಳ ತಂಗಿ ಹೆಸರು ಈಗಲೇ ಬರೆಸಿಬಿಡಿ."

"ಇವಳಿಗೆ ತಂಗಿ ಇಲ್ಲ."

"ಅದಕ್ಕೇ ಹೇಳ್ತಿರೋದು, ಈಗಲೇ ಅಂತ."

ಪಟ್ಟಿರಾಯ ಬಸ್ಸಿಗೆ ಓಡಿದ. ಏಳನೇ ನಂಬರೇ ಶ್ರೇಷ್ಠ ಎಂಬುದು ಈಗ ಸಪ್ರಮಾಣವಾಗಿ ಸಾಬೀತಾಗಿತ್ತು. ಗಂಟೆ ಮಾತ್ರ ಮೂರಾಗಿತ್ತು.

ಹಳದಿ ಗೇಟು ತೆಗೆದೇ ಇತ್ತು. ಒಳಗೆ ಮಕ್ಕಳ ಪುಟಾಣಿ ಕುರ್ಚಿಗಳ ಮೇಲೆ, ಮೊಣಕಾಲು ಎದೆಗೆ ತಾಗಿಸಿಕೊಂಡು, ಅವನ ಕಟ್ಟಡದವರು ಸಾಲಾಗಿ ಕೂತಿದ್ದರು. ಟೈಲರಮ್ಮ ಮತ್ತು ಕಚ್ಚುವ ಮಗಳು. ಮೇಲ್ಮಹಡಿಯ ಬೇಕರಿಯವನು ಮತ್ತು ಅವನ ಅವಳಿ ಗಂಡುಮಕ್ಕಳು. ಕೆಳಮನೆಯ ನಿವೃತ್ತ ಬಸ್ ಡ್ರೈವರು ಮತ್ತು ಮೊಮ್ಮಗ. ಎಲ್ಲರ ಮೊಬೈಲಿನಲ್ಲೂ ಟೈಲರಮ್ಮ ಹಂಚಿದ ಅದೇ ಕೆಂಪು ನಕ್ಷತ್ರ.

"ಬನ್ನಿ ಬನ್ನಿ!" ಎಂದು ಡ್ರೈವರ್ ತಾತ ಸ್ವಾಗತಿಸಿದರು. "ನಿಮ್ಮ ಪಟ್ಟಿ ಇರಲಿಲ್ಲಾಂದ್ರೆ ಇಂಥದ್ದೊಂದು ಇಲ್ಲಿದೆ ಅಂತಾನೇ ಗೊತ್ತಾಗ್ತಿರಲಿಲ್ಲ ನೋಡಿ. ನೀವ್ಯಾಕೆ ಇಷ್ಟು ತಡ?"

ಪಟ್ಟಿರಾಯ ಏದುಸಿರಿನಲ್ಲೇ ಮಗಳ ಹೆಸರು ಹೇಳಿದ. ಶಿಶುವಿಹಾರದ ಮುಖ್ಯಸ್ಥೆ ರಿಜಿಸ್ಟರಿನಲ್ಲಿ ಐದನೆಯ ಹೆಸರು ಪುಟ್ಟಿಯದು ಎಂದು ಬರೆದುಕೊಂಡರು. ಆಕೆಗೆ ಬಿಳಿ ಕೂದಲು, ಕುತ್ತಿಗೆಯಲ್ಲಿ ಪೀಪಿ.

"ಐದು ಜಾಗ ಇದೆ, ನೀವು ಐದು ಮಕ್ಕಳು. ಲೆಕ್ಕ ಸರಿಯಾಯ್ತು," ಎಂದರು ಆಕೆ. ಪಟ್ಟಿರಾಯ ಉಸಿರು ಬಿಡುವಷ್ಟರಲ್ಲಿ ಮುಂದುವರಿಸಿದರು. "ಆದ್ರೆ ಐದು ಮಕ್ಕಳಿಗೆ ಒಬ್ಬರು ಸಹಾಯಕರು ಇರಲೇಬೇಕು ಅಂತ ನಿಯಮ. ಇದ್ದವರು ಬಿಟ್ಟುಹೋದ್ರು. ಇವತ್ತು ನಾಲ್ಕರೊಳಗೆ ಯಾರನ್ನಾದ್ರೂ ತೋರಿಸದಿದ್ರೆ ಈ ಕೋಣೆಗೆ ಬೀಗ. ನಿಮ್ಮಲ್ಲಿ ಯಾರಾದ್ರೂ ಬರ್ತೀರಾ?"

"ನಂಗೆ ಹೊಲಿಗೆ ರಾಶಿ ಬಿದ್ದಿದೆ," ಎಂದರು ಟೈಲರಮ್ಮ. ಬೇಕರಿಯವನು ತನ್ನ ಒಲೆಯ ಕತೆ ಹೇಳಿದ. ಡ್ರೈವರ್ ತಾತ ಸೊಂಟ ಹಿಡಿದುಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ಪಟ್ಟಿರಾಯನ ಕಡೆ ತಿರುಗಿದರು.

"ನೀವು ಮೂರು ತಿಂಗಳಿಂದ ಮನೇಲೇ ಮಗೂನ ನೋಡ್ಕೋತಿದೀರಲ್ಲ! ಮೊಲ ಎಷ್ಟು ಚೆನ್ನಾಗಿ ಬರೀತೀರಿ!"

"ನಂಗೆ ಬೇರೆ ಕೆಲಸ ಸಿಕ್ಕಿದೆ," ಎಂದ ಪಟ್ಟಿರಾಯ.

ಆದರೆ ಟೈಲರಮ್ಮ ಆಗಲೇ ಫೈಲನ್ನು ಅವನ ಕಂಕುಳಿಂದ ಎಳೆದು ಮುಖ್ಯಸ್ಥೆಯ ಮುಂದಿಟ್ಟಾಗಿತ್ತು. ಹತ್ತು ದಿನ ಹುಡುಕಿದರೂ ಒಂದು ಕಡೆ ಸಿಗದ ಕಾಗದಗಳು ಅದರಲ್ಲಿ ಒಂದರ ಹಿಂದೊಂದು ಬಂದವು. ವೀಸಾಕ್ಕೆಂದು ಮಾಡಿಸಿದ ಪೊಲೀಸ್ ದೃಢೀಕರಣ. ಆರೋಗ್ಯ ತಪಾಸಣೆಯ ವರದಿ. ಕೊಳವೆ ಹೂಳುವ ಜಾಗದಲ್ಲಿ ಕಡ್ಡಾಯವೆಂದು ಪಡೆದಿದ್ದ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ.

"ಇನ್ನೇನು ಬೇಕು!" ಎಂದರು ಮುಖ್ಯಸ್ಥೆ. ಅವರ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ.

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಪಟ್ಟಿರಾಯ ಕಷ್ಟಕಾಲದಲ್ಲಿ ಸದಾ ಮಾಡುವುದನ್ನೇ ಮಾಡಿದ. ಪುಟಾಣಿ ಕುರ್ಚಿಯಲ್ಲಿ ಕೂತು ಗೆರೆ ಎಳೆದ. ನಕ್ಷೆಯ ಕೆಲಸಕ್ಕೆ ರೈಲಿನಲ್ಲಿ ಐವತ್ತು ನಿಮಿಷ, ಇಲ್ಲಿಗೆ ನಡೆದು ನಾಲ್ಕು. ಅಲ್ಲಿ ಸಂಬಳ ಹೆಚ್ಚು, ಆದರೆ ಇಲ್ಲಿ ಜಾಗ ಸಿಗದಿದ್ದರೆ ಅಲ್ಲಿಗೆ ಹೋಗುವುದೇ ಸುಳ್ಳು. ಇಲ್ಲಿ ಮಗಳು ದಿನವಿಡೀ ಕಣ್ಣೆದುರಿಗೇ. ಅಂಕ ಕೂಡಿಸಿದರೆ ಕೊಳವೆಗೆ ಮೂರು, ಮೊಲಕ್ಕೆ ಆರು. ತನಗೆ ಯಾವುದು ಇಷ್ಟ ಎಂಬ ಅಂಕಣವನ್ನು ಅವನು ಎಳೆಯಲಿಲ್ಲ. ಎಳೆದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದ.

"ಹೊಸದಾಗಿ ಬರ್ದಿರೋದ್ನೂ ಕೊಡಿ, ಫೋಟೋ ತೆಗೀತೀನಿ," ಎಂದು ಟೈಲರಮ್ಮ ಈ ಗಲಾಟೆಯಲ್ಲೂ ಮೊಬೈಲು ಚಾಚಿದರು. ಅವನು ಎಲ್ಲ ಹಾಳೆಗಳನ್ನೂ ಕೊಟ್ಟುಬಿಟ್ಟ.

ಮೂರು ಐವತ್ತಕ್ಕೆ ಮ್ಯಾನೇಜರಿಗೆ ಫೋನು ಮಾಡಿ, ಬರಲಾಗುವುದಿಲ್ಲ ಎಂದ. ಮೂರು ಐವತ್ತೈದಕ್ಕೆ ಮುಖ್ಯಸ್ಥೆ, "ಓದಿ ಸಹಿ ಹಾಕಿ" ಎಂದು ಕರಾರು ಮುಂದಿಟ್ಟರು. ಸೋಪಿನ ಪೊಟ್ಟಣದ ಮೇಲಿನ ಅಕ್ಷರವನ್ನೂ ಬಿಡದೆ ಓದುವ ಪಟ್ಟಿರಾಯ, ಹುಟ್ಟಿದಾಗಿನಿಂದ ಮೊದಲ ಸಲ, ಓದದೆ ಸಹಿ ಹಾಕಿದ. ನೆರೆಹೊರೆಯವರು ಚಪ್ಪಾಳೆ ತಟ್ಟಿದರು. ಕಚ್ಚುವ ಮಗು ಅವನ ಮೊಣಕಾಲಿಗೆ ಹಲ್ಲೂರಿ ತನ್ನ ಒಪ್ಪಿಗೆ ತಿಳಿಸಿತು.

ಮುಖ್ಯಸ್ಥೆ ಕರಾರನ್ನು ಮಡಿಸಿ ಒಳಗಿಟ್ಟರು. ರಿಜಿಸ್ಟರು ತೆಗೆದು ಪುಟ್ಟಿಯ ಹೆಸರಿನ ಮೇಲೆ ಗೆರೆ ಎಳೆದರು.

"ಏನ್ಮಾಡ್ತಿದೀರಿ?"

"ಒಂಬತ್ತನೇ ಕಲಮು. ಕೆಲಸ ಮಾಡೋರ ಸ್ವಂತ ಮಕ್ಕಳನ್ನ ಇಲ್ಲಿ ಸೇರಿಸ್ಕೊಳ್ಳೋ ಹಾಗಿಲ್ಲ. ಗಮನವೆಲ್ಲ ಅವರ ಮೇಲೇ ಹೋಗುತ್ತೆ ಅಂತ. ಇವಳನ್ನ ಬೇರೆ ಕಡೆ ನೋಡಿದೀರಿ ಅಂದ್ಕೊಂಡೆ. ಅಷ್ಟು ದೊಡ್ಡ ಪಟ್ಟಿ ಇದೆಯಲ್ಲ ನಿಮ್ಮತ್ರ!"

"ಹಾಗಾದ್ರೆ ನಂಗೆ ಈ ಕೆಲಸ ಬೇಡ!"

"ಬಿಡೋದಾದ್ರೆ ಮೂರು ತಿಂಗಳು ಮುಂಚೆ ತಿಳಿಸ್ಬೇಕು. ಅದು ಹತ್ತನೇ ಕಲಮು."

"ಒಂದು ಜಾಗ ಖಾಲಿ ಆಯ್ತು ಅಂದ್ರೆ," ಎಂದು ಡ್ರೈವರ್ ತಾತ ಸೊಂಟದ ನೋವು ಮರೆತು ಎದ್ದು ನಿಂತರು, "ನನ್ನ ಇನ್ನೊಬ್ಬ ಮೊಮ್ಮಗನ ಹೆಸರು ಬರ್ಕೊಳ್ಳಿ ತಾಯಿ."

ನಾಲ್ಕು ಗಂಟೆ ಐದು ನಿಮಿಷಕ್ಕೆ ಪಟ್ಟಿರಾಯ ಮತ್ತೆ ಮ್ಯಾನೇಜರಿಗೆ ಫೋನು ಮಾಡಿದ. ಕಾಯುತ್ತಿದ್ದ ಇನ್ನೊಬ್ಬರು ಈಗ ಕಾಯುತ್ತಿಲ್ಲ ಎಂದು ತಿಳಿಯಿತು.

ಸಂಜೆ ಹೆಂಡತಿ ಕತೆಯನ್ನೆಲ್ಲ ಕೇಳಿದಳು. ನಗು ಬರುತ್ತಿತ್ತು, ಗಂಡನ ಮುಖ ನೋಡಿ ನುಂಗಿಕೊಂಡಳು.

"ಅಂದ್ರೆ ಸೋಮವಾರದಿಂದ ನೀವು ಬೇರೆಯವರ ಐದು ಮಕ್ಕಳನ್ನ ನೋಡ್ಕೋತೀರಿ. ನಮ್ಮ ಒಂದನ್ನ ಯಾರ್ರೀ ನೋಡ್ಕೊಳ್ಳೋದು?"

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಟೈಲರಮ್ಮ. ಈ ಸಲ ಏಣಿ ಕೇಳಲಿಲ್ಲ.

"ಏನೂ ಯೋಚ್ನೆ ಮಾಡ್ಬೇಡಿ. ನಮ್ಮವಳು ನಿಮ್ಮ ಹತ್ರ ಇರ್ತಾಳಲ್ಲ, ನಂಗೆ ಈಗ ಮನೆ ನಿಶ್ಶಬ್ದ. ಹೊಲೀತಾ ಹೊಲೀತಾ ಪುಟ್ಟಿನ ನಾನೇ ನೋಡ್ಕೋತೀನಿ."

ಮಧ್ಯಾಹ್ನದಿಂದ ಈಕೆಯ ಮೇಲೆ ಹಲ್ಲು ಕಡಿಯುತ್ತಿದ್ದುದಕ್ಕೆ ಪಟ್ಟಿರಾಯನಿಗೆ ನಾಚಿಕೆಯಾಯಿತು. "ನಿಮ್ಮ ಉಪಕಾರ ಹೇಗೆ ತೀರಿಸ್ಲಿ?" ಎಂದ.

"ಅಯ್ಯೋ, ಅದನ್ನೂ ಯೋಚ್ನೆ ಮಾಡೇ ಬಂದಿದೀನಿ," ಎಂದು ಟೈಲರಮ್ಮ ಮೊಬೈಲು ತೆಗೆದು, ಅವನದೇ ಪಟ್ಟಿಯನ್ನು ಬೆರಳಿನಿಂದ ಹಿಗ್ಗಿಸಿ ತೋರಿಸಿದರು. "ಮೂರನೇ ನಂಬರಿಗಿಂತ ಒಂಚೂರು ಕಮ್ಮಿ ಕೊಡಿ, ಸಾಕು. ಅಕ್ಕಪಕ್ಕದವರಲ್ವಾ. ಮಧ್ಯಾಹ್ನ ಮಲಗಿಸೋದಕ್ಕೆ ಮಾತ್ರ ಬೇರೆ."

"ಮಲಗದಿದ್ರೆ?" ಎಂದ ಪಟ್ಟಿರಾಯ, ಬರೀ ಅಭ್ಯಾಸಬಲದಿಂದ.

"ಅದಕ್ಕೂ ಬೇರೆ," ಎಂದರು ಟೈಲರಮ್ಮ. "ನೀವೇ ಬರ್ಕೊಂಡಿದೀರಲ್ಲ!"