ಸಾಬೂನು ಬಂದರೆ ಕುಕ್ಕರ್

ನಾಯಕಿ ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ಆಚೆ ನಿಂತಿರುವುದು ಸತ್ತನೆಂದುಕೊಂಡಿದ್ದ ಗಂಡನೋ, ಸಾಯಬೇಕಾಗಿದ್ದ ಮೈದುನನೋ ಎಂದು ಇನ್ನೇನು ಗೊತ್ತಾಗಬೇಕು, ಅಷ್ಟರಲ್ಲಿ ಟೀವಿಯ ತುಂಬ ನೊರೆ. ಹಿಂದೆಯೇ ಸಾಬೂನು ಹಿಡಿದು, ಜನ್ಮದಲ್ಲಿ ಮೊದಲ ಸಲ ಸ್ನಾನ ಮಾಡಿದವಳಂತೆ ಹಿಗ್ಗುವ ಒಬ್ಬ ಹೆಂಗಸು.

"ಬಂದ್ಲಪ್ಪ ಮಹಾತಾಯಿ!" ಲಿಫ್ಟ್ ಮೆಕ್ಯಾನಿಕ್ ಸೋಫಾದಿಂದ ಎಗರಿದ.

ಎರಡು ಅಂತಸ್ತಿನ ನಡುವೆ ಸಿಕ್ಕಿಕೊಂಡವರನ್ನು ಹೊರಗೆಳೆಯುವುದು ಅವನ ಕಸುಬು. ಊರಿಗೆಲ್ಲ ಬಿಡುಗಡೆ ಕೊಡಿಸುವವನು ಸಂಜೆ ಮನೆಯಲ್ಲಿ ತಾನೇ ಕಥೆಯ ನಡುವೆ ನೇತಾಡಬೇಕು. ಸಿಟ್ಟು ನ್ಯಾಯವಾದದ್ದೇ. ಟೀವಿಗೆ ದುಡ್ಡು, ಇಂಟರ್ನೆಟ್ಟಿಗೆ ದುಡ್ಡು, ತಿಂಗಳ ಚಂದಾ ಬೇರೆ. ಇಷ್ಟು ಸುರಿದ ಮೇಲೂ ನಮ್ಮದೇ ಹಜಾರದಲ್ಲಿ, ನಮ್ಮದೇ ಕರೆಂಟು ಕುಡಿದು, ನಮಗೇ ಸಾಬೂನು ಮಾರುತ್ತಾರೆ. (ಬೀದಿ ವ್ಯಾಪಾರಿಗಾದರೂ ಮರ್ಯಾದೆಯಿದೆ. ಹೊಸ್ತಿಲಾಚೆ ನಿಂತು ಕೂಗುತ್ತಾನೆ, ಬೇಡವೆಂದರೆ ಮುಂದಿನ ಮನೆಗೆ ಹೋಗುತ್ತಾನೆ.)

"ಹಗಲುದರೋಡೆ ಕಣೇ ಇದು! ನಮ್ಮ ಕಣ್ಣನ್ನ ನಮಗೇ ಹೇಳ್ದೆ ಬಾಡಿಗೆಗೆ ಕೊಟ್ಬಿಟ್ಟಿದ್ದಾರೆ!" ಎಂದು ತಿರುಗಿ ನೋಡಿದರೆ ಹೆಂಡತಿಯೂ ಇಲ್ಲ, ಜೊತೆಗಿರುವ ಅತ್ತೆಯೂ ಇಲ್ಲ. ಸೋಫಾ ಖಾಲಿ. ನಾಯಕಿ ಮತ್ತೆ ಚಿಲಕ ಹಿಡಿಯುವ ಹೊತ್ತಿಗೆ ಇಬ್ಬರೂ ಅಲ್ಲಿಂದ ಕದಲಿಯೇ ಇಲ್ಲವೆಂಬಂತೆ ಕುಳಿತಿದ್ದರು. ಅದೇನೆಂದು ಅವನು ವಿಚಾರಿಸಲಿಲ್ಲ. ಸಿಟ್ಟಿನಲ್ಲಿದ್ದವನಿಗೆ ಶತ್ರು ಬಿಟ್ಟು ಇನ್ನೇನೂ ಕಾಣುವುದಿಲ್ಲ.

ಭಾನುವಾರ ಅವನು ರೂಟರಿನ ಮುಂದೆ ತಪಸ್ಸಿಗೆ ಕುಳಿತ. ಜಾಹೀರಾತು ಬರುವ ದಾರಿಗೇ ಬೇಲಿ ಹಾಕುವ ಉಪಾಯ ಹುಡುಕಿ, ಆ ಗಡಿಬಿಡಿಯಲ್ಲಿ ಮನೆಯ ಇಂಟರ್ನೆಟ್ಟನ್ನೇ ಕೊಂದು, ಮತ್ತೆ ಬದುಕಿಸಿ, ಕೊನೆಗೂ ಗೆದ್ದ. ಸಂಜೆ ನಾಯಕಿ ಚಿಲಕ ತೆಗೆದಳು. ಬಾಗಿಲು ತೆರೆಯಿತು. (ಮೈದುನ.) ನೊರೆಯ ಸುಳಿವಿಲ್ಲ.

"ಅಳಿಯಂದ್ರೇ, ನಿಮ್ಮ ಕೈಲಿ ಏನೋ ಮಾಯೆ ಇದೆ ಕಣ್ರೀ!" ಎಂದರು ಅತ್ತೆ. ಅವರ ಬಾಯಿಂದ ಇಂಥ ಮಾತು ಮದುವೆಯಾದಂದಿನಿಂದ ಇದೇ ಮೊದಲು. ಅವನು ವಿಶ್ವವಿಜೇತನಂತೆ ಎದೆ ಸೆಟೆಸಿ ಊಟಕ್ಕೆ ಕುಳಿತ.

ಊಟವಿರಲಿಲ್ಲ.

"ಅಯ್ಯೋ, ಒಲೆ ಹಚ್ಚೋದೇ ಮರ್ತೋಯ್ತು," ಎಂದಳು ಹೆಂಡತಿ. ಮರುದಿನ ಧಾರಾವಾಹಿಗೆ ಮೊದಲೇ ಹಚ್ಚಿದಳು, ಆರಿಸುವುದು ಮರೆತಳು. ಕುಕ್ಕರಿನ ತಳ ಇದ್ದಲಾಯಿತು. ತಂತಿಯ ಮೇಲಿನ ಬಟ್ಟೆ ಮಳೆಯಲ್ಲಿ ಎರಡನೇ ಸಲ ಒಗೆಸಿಕೊಂಡಿತು. ಅದರ ಮರುದಿನ ಅತ್ತೆ ಸೋಫಾದಿಂದ ಏಳಹೋಗಿ, ಕಣ್ಣು ಕತ್ತಲಿಟ್ಟು, ಧೊಪ್ಪನೆ ಕುಳಿತುಬಿಟ್ಟರು.

"ಅಮ್ಮಾ! ಬೀಪಿ ಮಾತ್ರೆ ತಗೊಂಡ್ಯಾ?"

"ಇಲ್ವಲ್ಲೇ... ಬಿಳಿ ಕೋಟಿನವನು ಬರ್ಲೇ ಇಲ್ಲ!"

ಬಿಳಿ ಕೋಟಿನವನೆಂದರೆ ಟೂತ್‌ಪೇಸ್ಟಿನ ಜಾಹೀರಾತಿನ ಡಾಕ್ಟರು. ಅವನು ಹಲ್ಲು ಕಿರಿದಾಗ ಅತ್ತೆ ಮಾತ್ರೆ ನುಂಗುವುದು ಪದ್ಧತಿ. ಬೇಲಿ ಹಾಕಿದಾಗಿನಿಂದ ನುಂಗಿಯೇ ಇಲ್ಲ. ಅಳಿಯ ಹೊರಗೋಡಿ ಕೂಗಿಕೊಂಡ. ಎದುರುಮನೆಯ ನರ್ಸಮ್ಮ ಓಡಿಬಂದು, ಬೀಪಿ ನೋಡಿ, ಮೂವರನ್ನೂ ಬೈದು, ಮಾತ್ರೆ ನುಂಗಿಸಿದ ಮೇಲೆಯೇ ಅವನಿಗೆ ಉಸಿರು ಬಂದದ್ದು.

ಆಮೇಲೆ ಹೆಂಡತಿ ಬಿಡಿಸಿ ಹೇಳಿದಳು. ಸಾಬೂನು ಬಂದರೆ ಕುಕ್ಕರ್ ಇಡುವುದು. ಕಾರು ಬಂದರೆ ಒಲೆ ಆರಿಸುವುದು. ವಿಮೆಯ ಮುದುಕ ಮುದುಕಿ ಕೈ ಹಿಡಿದು ನಡೆದರೆ ಬಟ್ಟೆ ಒಳಗೆ ತರುವುದು. ಗೋಡೆ ಬಣ್ಣದವರು ಕುಣಿದರೆ ಹೊಲಿಗೆಗೆ ಕೊಟ್ಟವರಿಗೆಲ್ಲ ಫೋನು. (ಅವಳು ಟೈಲರ್.)

ಅವನು ಬಾಯಿ ಬಿಟ್ಟುಕೊಂಡು ಕೇಳಿದ. ಇಪ್ಪತ್ತು ಅಂತಸ್ತಿನ ಲಿಫ್ಟಿನ ವೈರಿಂಗ್ ಕೂಡ ಇಷ್ಟು ಅಚ್ಚುಕಟ್ಟಲ್ಲ! ಕಳ್ಳರು ಇವಳ ಹೊತ್ತು ಕದಿಯುತ್ತಿದ್ದಾರೆಂದು ಅವನು ಕುದಿಯುತ್ತಿದ್ದರೆ, ಇವಳು ಕಳ್ಳರ ಜೇಬಿಗೇ ಕೈ ಹಾಕಿ ಸಂಸಾರ ನಡೆಸಿದ್ದಳು. ಕೋಟಿ ಸುರಿದು ಮಾಡಿದ ಜಾಹೀರಾತುಗಳು ಇವಳ ಪಾಲಿಗೆ ಬರೀ ಕರೆಗಂಟೆ!

"ಹಾಗಾದ್ರೆ ಆ ಸಾಬೂನಿನ ಹೆಸರೇನು?"

"ಯಾರಿಗ್ಗೊತ್ರೀ? ನಾನ್ಯಾವತ್ತು ಕೂತು ನೋಡಿದ್ದೀನಿ?"

"ಬಚ್ಚಲಲ್ಲಿರೋದೂ ಅದೇ ಅಲ್ವಾ?"

"ಅದನ್ನ ತಂದೋರು ನೀವು."

ನಿಜ. ಮನೆಯಲ್ಲಿ ಪ್ರತಿ ಜಾಹೀರಾತನ್ನೂ ಕೊನೆಯವರೆಗೆ, ಕಣ್ಣು ಮಿಟುಕಿಸದೆ, ಬೈಯುತ್ತಾ ನೋಡಿದವನು ಅವನೊಬ್ಬನೇ. ಟೂತ್‌ಪೇಸ್ಟೂ ಅವನೇ ತಂದದ್ದು. ವಿಮೆ ಕೂಡ.

"ಬೇಲಿ ಕಿತ್ತುಬಿಡ್ತೀನಿ," ಎಂದು ಎದ್ದ.

"ಕಿತ್ತೀರಾ ಜೋಕೆ!" ಅತ್ತೆ ಮಲಗಿದಲ್ಲಿಂದಲೇ ಗುಡುಗಿದರು. "ಧಾರಾವಾಹಿಲಿ ಅವಳ ಮದುವೆ ಮುಗಿಯೋವರೆಗೂ ನೊರೆಗಿರೆ ಬರಕೂಡದು."

"ಮತ್ತೆ ಮಾತ್ರೆ?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಹೆಂಡತಿ ಹೊಲಿಗೆ ಮೆಷಿನ್ನಿನ ಮೇಲಿದ್ದ ಬಿಳಿ ಬಟ್ಟೆಯನ್ನು ಕೈಗೆತ್ತಿಕೊಂಡು ಗಂಡನ ಭುಜದ ಅಳತೆ ತೆಗೆಯತೊಡಗಿದಳು.

ಈಗ ಸಂಜೆ ಕಥೆ ಇನ್ನೇನು ರಂಗೇರಿತು ಎನ್ನುವಾಗ ಬಿಳಿ ಕೋಟು ತೊಟ್ಟ ಲಿಫ್ಟ್ ಮೆಕ್ಯಾನಿಕ್ ನೀರಿನ ಲೋಟ ಹಿಡಿದು ಟೀವಿಗೆ ಅಡ್ಡ ನಿಲ್ಲುತ್ತಾನೆ. "ಅತ್ತೆ, ಮಾತ್ರೆ! ಲೇ, ಕುಕ್ಕರ್!" ಹಲ್ಲು ಕಿರಿಯದಿದ್ದರೆ ಅತ್ತೆ ಬಾಯಿ ತೆರೆಯುವುದಿಲ್ಲ, ಕಿರಿಯುತ್ತಾನೆ.

ಮೊನ್ನೆ ಮದುಮಗಳು ಓಡಿಹೋಗುವ ಗಳಿಗೆಯಲ್ಲೇ ಅಡ್ಡ ನಿಂತ. ಅತ್ತೆ ಮಾತ್ರೆಯನ್ನೇನೋ ನುಂಗಿದರು. ಆಮೇಲೆ ರಿಮೋಟನ್ನು ಅಳಿಯನ ಎದೆಗೆ ಗುರಿಯಿಟ್ಟು ಒತ್ತಿದರು, ಮತ್ತೆ ಮತ್ತೆ ಒತ್ತಿದರು.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಸುಮ್ನೆ ಬ್ಯಾಟರಿ ಖರ್ಚು ಕಣಮ್ಮ. ನಾನು ಮದುವೆಯಾದಾಗಿಂದ ಒತ್ತುತ್ತಾನೇ ಇದ್ದೀನಿ, ಅದು ಹೋಗಲ್ಲ."