ಎರಡು ಭಾಷೆಗೆ ಒಂದೇ ಕೋಟು

ಸುದ್ದಿ ಓದುವವನ ಹಣೆಬರಹವೇ ಹಾಗೆ. ಊರವರದ್ದನ್ನೆಲ್ಲ ಓದಿ ಹೇಳುತ್ತಾನೆ, ಅವನ ಸುತ್ತ ದಿನವೂ ನಡೆಯುವುದನ್ನು ಮಾತ್ರ ಯಾರೂ ಓದುವುದಿಲ್ಲ. ಚಿಕ್ಕೋಡಿಯ ಕೇಬಲ್ ವಾಹಿನಿಯೊಂದರಲ್ಲಿ ನಾನು ಕನ್ನಡ ವಾರ್ತೆ ಓದುತ್ತಿದ್ದೆ. ಇತ್ತ ನಿಪ್ಪಾಣಿ, ಅತ್ತ ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆಗೂ ನಮ್ಮ ತಂತಿ ಹೋಗಿತ್ತು. ಸಂಜೆ ಏಳಕ್ಕೆ ಕನ್ನಡ, ಏಳೂವರೆಗೆ ಮರಾಠಿ. ನನ್ನದು ಹುಟ್ಟಾ ಅಳುಮೋರೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮಾಲಕರು ನನ್ನನ್ನು ದಿಟ್ಟಿಸಿ ನೋಡಿ, "ನಿಧನ ವಾರ್ತೆಗೆ ಹೇಳಿ ಮಾಡಿಸಿದ ಮಾರಿ ಐತಿ" ಎಂದಿದ್ದರು. ವಾಹಿನಿ ಹೋಯಿತು, ಮೋರೆ ಉಳಿದಿದೆ.

ಕೋಟು

ಮಾಲಕರು ಅಥಣಿ ಕಡೆಯ ದ್ರಾಕ್ಷಿ ತೋಟದವರು. ಮನೆಯಲ್ಲಿ ಅವರು ಕನ್ನಡದಲ್ಲಿ ಬೈದರೆ ಹೆಂಡತಿ ಮರಾಠಿಯಲ್ಲಿ ತಿರುಗಿ ಬೈಯುತ್ತಿದ್ದರು, ಇಬ್ಬರಿಗೂ ಚೆನ್ನಾಗಿ ತಿಳಿಯುತ್ತಿತ್ತು. ಮನೆಯಲ್ಲಿ ನಡೆದದ್ದು ಊರಲ್ಲೂ ನಡೆದೀತೆಂದು ಎರಡು ಭಾಷೆಯ ವಾಹಿನಿ ತೆರೆದರು.

ಗೊಬ್ಬರದ ಅಂಗಡಿಯ ಮೇಲಿನ ಕೋಣೆಯೇ ನಮ್ಮ ಸ್ಟುಡಿಯೋ. ಕ್ಯಾಮೆರಾ ಒಂದು, ಮೇಜು ಒಂದು, ಕೋಟೂ ಒಂದೇ. ಮರಾಠಿ ಓದುತ್ತಿದ್ದವರು ಶಾಲೆಯಿಂದ ನಿವೃತ್ತರಾದ ಗುರೂಜಿ. ಕೋಟು ನನಗೆ ದೊಗಲೆ, ಅವರಿಗೆ ಬಿಗಿ. ಜಾಹೀರಾತು ಮುಗಿಯುವುದರೊಳಗೆ ನಾನು ಬಿಚ್ಚಬೇಕು, ಅವರು ತೊಡಬೇಕು. ಬೇಸಿಗೆ ಬಂತು. ನಿಪ್ಪಾಣಿಯಿಂದ ಫೋನು: "ಕನ್ನಡದವ್ರು ಬೆವತ ಕೋಟ ನಮ್ಮ ಮರಾಠಿಗೆ ಯಾಕ್ರಿ? ಬಗಲಾಗ ತೊಯ್ದದ್ದು ಕಾಣಾಕತ್ತೈತಿ." ಮಾಲಕರು ಒಂದು ವಾರ ಮರಾಠಿಯನ್ನೇ ಮೊದಲು ಮಾಡಿದರು. ರಾಯಬಾಗದಿಂದ ಅದೇ ದೂರು ಬಂತು, ಭಾಷೆ ಮಾತ್ರ ಅದಲುಬದಲಾಗಿತ್ತು. ಜಗಳ ಕೈ ಮೀರುವ ಹೊತ್ತಿಗೆ ಸದಲಗಾದಿಂದ ಹಾಲು ಹೈನದ ಅಜ್ಜನೊಬ್ಬ ಫೋನು ಮಾಡಿದ.

"ಆ ಕೋಟಿಗೆ ಎರಡೂ ಭಾಷಾ ಬರತಾವು. ನಿಮಗ್ಯಾಕ ಬರವಲ್ವು?"

ಎಮ್ಮೆ

ಅಲಖನೂರಿನ ರೈತನೊಬ್ಬ ಚಿಕ್ಕೋಡಿ ಸಂತೆಯಲ್ಲಿ ಎಮ್ಮೆ ಕೊಂಡ. ಚಹಾ ಕುಡಿದು ಬರುವಷ್ಟರಲ್ಲಿ ಅದು ಹಗ್ಗ ಬಿಡಿಸಿಕೊಂಡು ಹೋಗಿತ್ತು. ಅಳುತ್ತ ನಮ್ಮಲ್ಲಿಗೆ ಬಂದ. ನನಗಿಂತ ಕೆಟ್ಟ ಮೋರೆ ನಾನು ಕಂಡದ್ದು ಅಂದೇ. ಕನ್ನಡ ವಾರ್ತೆಯಲ್ಲಿ ಅದರ ಕೋಡು, ಬಾಲ, ಹಣೆಯ ಬಿಳಿ ಚುಕ್ಕೆ ಎಲ್ಲವನ್ನೂ ದಿನಾಲು ಓದಿದೆ. ಸುಳಿವಿಲ್ಲ.

ಬಹಳ ದಿನಗಳ ಮೇಲೆ ಸದಲಗಾ ರಸ್ತೆಯ ಮನೆಯೊಂದರ ಗೋದಲಿಯ ಮುಂದೆ ಎಮ್ಮೆ ಸಿಕ್ಕಿತು, ಮೈತುಂಬಿಕೊಂಡು ಹಾಯಾಗಿತ್ತು. ಆ ಮನೆಯವನನ್ನು ಕೇಳಿದೆ, "ದಿನಾ ಹೇಳಾಕತ್ತಿದ್ವಿ, ನೀವು ಟೀವಿ ನೋಡೂದಿಲ್ಲೇನ್ರಿ?"

"ತಪ್ಪದ ನೋಡ್ತೀವ್ರಿ, ಮರಾಠಿ ಬಾತಮಿ. ಅದರಾಗ ಯಾರ ಎಮ್ಮೀನೂ ಕಳದಿರಲಿಲ್ಲ."

ಯಾರೂ ಸಾಯದ ದಿನ

ಅಂದಿನಿಂದ ಪ್ರತಿ ಸುದ್ದಿಯನ್ನೂ ಎರಡೂ ಭಾಷೆಯಲ್ಲಿ ಓದಬೇಕೆಂದು ಮಾಲಕರ ಅಪ್ಪಣೆಯಾಯಿತು. ಆದರೆ ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದಿತ್ತು. ನಾವು ಓದುವ ಸುದ್ದಿ ಮಂದಿಗೆ ಮಧ್ಯಾಹ್ನವೇ ಗೊತ್ತಿರುತ್ತಿತ್ತು. ನಮಗೆ ಉಳಿದದ್ದು ನಿಧನ ವಾರ್ತೆ. ಯಾರು ತೀರಿಕೊಂಡರು, ಮೂರನೆಯ ದಿನ ಬೂದಿ ತುಂಬುವ ರಕ್ಷಾ ವಿಸರ್ಜನೆ ಎಷ್ಟು ಹೊತ್ತಿಗೆ, ಇಷ್ಟು ಕೇಳಿ ಟೀವಿ ಆರಿಸಿಬಿಡುತ್ತಿದ್ದರು. ಕಷ್ಟಪಟ್ಟು ಮಂಗಸೂಳಿಯ ತನಕ ಹೋಗಿ ತಂದ ಸುದ್ದಿಯನ್ನೂ ಯಾರೂ ನೋಡುತ್ತಿರಲಿಲ್ಲ. ನನಗೂ ಗುರೂಜಿಗೂ ಇದು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಬೆಳಿಗ್ಗೆ ತಾಯಿಯೊಬ್ಬರು ಫೋನು ಮಾಡಿ ದಬಾಯಿಸಿದರು: "ಮೊನ್ನೀನೂ ಯಾರೂ ಸಾಯಲಿಲ್ಲ, ನಿನ್ನೀನೂ ಇಲ್ಲ. ಹಿಂಗ ಮಾಡಿದ್ರ ಕೇಬಲ್ ತಗಸ್ತೀನಿ ನೋಡ್ರಿ."

ಮುಂಗಡ ಫೋಟೊ

ಸದಲಗಾದ ಹೈನದ ಅಜ್ಜ ಒಂದು ಸಂತೆಯ ದಿನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ತಲೆಗೆ ಪಟಗ ಸುತ್ತಿಕೊಂಡು ತೆಗೆಸಿದ ತನ್ನ ಫೋಟೊ ಮೇಜಿನ ಮೇಲಿಟ್ಟ.

"ನಾ ಹೋದಾಗ ಇದನ್ನ ಹಾಕ್ರಿ. ಮಗ ನಿಮ್ಮ ಕನ್ನಡ ನೋಡ್ತಾನ. ಮಗಳನ್ನ ನಿಪ್ಪಾಣಿಗೆ ಕೊಟ್ಟೈತಿ, ಆಕಿ ಮನ್ಯಾಗ ಗುರೂಜಿ ಮರಾಠಿ. ಅಣ್ಣಾ ತಂಗಿ ಮಾತ ಬಿಟ್ಟು ಭಾಳ ವರ್ಷಾತು. ನಾ ಸತ್ತರೂ ಅಂವಾ ಆಕಿಗೆ ಹೇಳೂದಿಲ್ಲ. ನೀವ ಹೇಳಬೇಕು, ಇಬ್ಬರಿಗೂ ಒಂದ ದಿವಸ."

ಗುರೂಜಿ ಕನ್ನಡಕ ತೆಗೆದು ಒರೆಸಿಕೊಂಡರು. ಅಜ್ಜ ಫೋಟೊವನ್ನು ಇನ್ನೊಮ್ಮೆ ನೋಡಿದ.

"ಇದರಾಗ ಜರಾ ನಕ್ಕೀನಿ. ಇರ್ಲಿ ಬಿಡು ತಮ್ಮಾ, ಮಗ್ಗಲದಾಗ ನಿನ್ನ ಮಾರಿ ಇರತೈತೆಲ್ಲಾ."

ಆಮೇಲೆ ಪ್ರತಿ ಸಂತೆಗೂ ಬಂದು, ಫೋಟೊ ಜೋಪಾನವಾಗಿದೆಯೇ ಎಂದು ನೋಡಿ ಹೋಗುತ್ತಿದ್ದ.

ನಮ್ಮ ಸರದಿ

ಕೊನೆಗೆ ಕೇಬಲ್ಲು ತೆಗೆಸದವರು ಬೆರಳೆಣಿಕೆಯಷ್ಟು ಉಳಿದರು. ಮಾಲಕರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು, "ಇವತ್ತಿಗೆ ಬಂದ್. ಭಾಷಣ ಗೀಷಣ ಬ್ಯಾಡ. ಮಂದಿ ನೋಡೂದ ನಿಧನ ವಾರ್ತೆ, ಅದರಾಗ ಹೇಳಿಬಿಡ್ರಿ."

ಓದಿದೆ. "ನಿಮ್ಮೆಲ್ಲರ ನೆಚ್ಚಿನ ವಾಹಿನಿ ಇಂದು ನಿಧನ ಹೊಂದಿದೆ. ಮೃತ ವಾಹಿನಿಯು ಒಬ್ಬ ಮಾಲಕ, ಇಬ್ಬರು ವಾಚಕರು ಹಾಗೂ ಒಂದು ಕೋಟನ್ನು ಅಗಲಿದೆ." ಅಲ್ಲಿಗೆ ನಿಲ್ಲಿಸಬೇಕಿತ್ತು. ರೂಢಿಬಿದ್ದ ನಾಲಿಗೆ ಮುಂದುವರಿಯಿತು: "ರಕ್ಷಾ ವಿಸರ್ಜನೆ ಬುಧವಾರ ಬೆಳಿಗ್ಗೆ ಎಂಟಕ್ಕೆ." ನಾನು ಓದಿದ್ದನ್ನೆಲ್ಲ ಓದಬೇಕೆಂಬ ಅಪ್ಪಣೆಯಂತೆ ಗುರೂಜಿ ಅದನ್ನೂ ಮರಾಠಿಯಲ್ಲಿ ಓದಿದರು.

ಬುಧವಾರ ನಾವು ಮೇಜು ಕುರ್ಚಿ ಇಳಿಸುತ್ತಿದ್ದಾಗ ಮಂದಿ ಬಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ರೊಟ್ಟಿ, ಜುಣಕದ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಎಲ್ಲರಿಗಿಂತ ಮುಂದೆ ಸದಲಗಾದ ಅಜ್ಜ. ಪದ್ಧತಿಯಂತೆ ಗೋಡೆಗೆ ಒರಗಿ ಕುಳಿತು ಕೇಳಿದ.

"ಏನಾಗಿತ್ರಿ?"

"ಭಾಳ ದಿನದ ಜಡ್ಡು ಅಜ್ಜಾರ," ಎಂದರು ಮಾಲಕರು.

"ಕಡೀಕ ತ್ರಾಸ ಆಗಲಿಲ್ಲಲ್ಲ?"

ಮಾಲಕರು ಇಲ್ಲವೆಂದು ತಲೆಯಾಡಿಸಿ, ಮುಖ ಆಚೆ ತಿರುಗಿಸಿದರು. ನಾನು ಫೋಟೊ ತಂದುಕೊಟ್ಟೆ. ಅಜ್ಜ ಅದನ್ನು ಅಂಗಿಯ ತುದಿಯಿಂದ ಒರೆಸಿದ.

"ನಾನ ಮೊದಲ ಹೋಗ್ತೀನಂತ ಭರೋಸಾದ ಮ್ಯಾಲ ಕೊಟ್ಟಿದ್ದೆ. ನೀವ ಹೋದ್ರಿ. ಇನ್ನ ನನ್ನ ಮಕ್ಕಳಿಗೆ ಯಾರ ಹೇಳ್ತಾರು?"

ಗುರೂಜಿ ಅವನ ಪಕ್ಕ ಕುಳಿತು ಕೈ ಹಿಡಿದುಕೊಂಡರು. "ನಾವು ಹೇಳ್ತೀವಿ ಅಜ್ಜಾರ. ಇವರು ಸದಲಗಾಕ್ಕ ಬಂದು ನಿಮ್ಮ ಮಗನ ಅಂಗಳದಾಗ ಕನ್ನಡ ಓದ್ತಾರ. ನಾ ನಿಪ್ಪಾಣಿಗೆ ಹೋಗಿ ನಿಮ್ಮ ಮಗಳ ಅಂಗಳದಾಗ ಮರಾಠಿ ಓದ್ತೀನಿ. ಒಂದ ದಿವಸ, ಒಂದ ಹೊತ್ತಿಗೆ."

ಅಜ್ಜನ ಕಣ್ಣು ತುಂಬಿದವು. ಫೋಟೊವನ್ನು ನನ್ನ ಕೈಗೆ ವಾಪಸ್ಸು ಕೊಟ್ಟ. ಬಾಗಿಲ ತನಕ ಹೋದವನು ಮೊಳೆಗೆ ನೇತುಹಾಕಿದ್ದ ಕೋಟನ್ನು ಕಂಡು ನಿಂತ.

"ಅಲ್ರಿ ಗುರೂಜಿ, ಇದು ಇರೂದ ಒಂದು. ಆವತ್ತ ಯಾರ ಹಾಕ್ಕೋತೀರಿ? ಈಗ ಹೇಳಿಬಿಡ್ರಿ, ನನ್ನ ಮಕ್ಕಳು ಮತ್ತ ಅದಕ್ಕ ಜಗಳಾ ತಗೀತಾವು."